ಕಾನಕಾನಹಳ್ಳಿ ದಾರಿಯ ಹೇರೆತ್ತುಗಳು

ಮೈಸೂರು ಯುದ್ಧಗಳ ಚರಿತ್ರೆಯನ್ನು ಓದಿದವರಿಗೆ ಕೋಟೆ, ಕಂದಕ, ಫಿರಂಗಿ, ಸಂಧಿಪತ್ರಗಳೆಲ್ಲ ಪರಿಚಿತವೇ. ಯಾವ ಸೇನಾಪತಿ ಯಾವ ಕಡೆಯಿಂದ ನುಗ್ಗಿದ, ಯಾರು ಎಲ್ಲಿ ಬಿದ್ದರು ಎಂಬುದನ್ನು ಶಾಲೆಯ ಹುಡುಗರೂ ಹೇಳಬಲ್ಲರು. ಆದರೆ ಆ ಸೇನೆಗಳು ದಿನವೂ ಏನು ತಿಂದುವು, ಅದನ್ನು ಯಾರು ತಂದುಕೊಟ್ಟರು, ಕೊಂಡವರು ಹಣವನ್ನು ಸರಿಯಾಗಿ ಸಲ್ಲಿಸಿದರೆ ಎಂದು ಕೇಳುವವರು ಕಡಮೆ. ನಾನು ಕೇಳುವುದಕ್ಕೆ ಕಾರಣವುಂಟು. ನನ್ನ ಉದ್ಯೋಗದ ಮೂವತ್ತು ವರ್ಷಗಳು ಕಾರ್ಖಾನೆಯೊಂದರ ಖರೀದಿ ಇಲಾಖೆಯಲ್ಲಿ ಕಳೆದುವು. ಹಣವಿದ್ದರೆ ಕೊಳ್ಳುವುದಕ್ಕೇನು ಎಂದು ಹೊರಗಿನವರಿಗೆ ತೋರುತ್ತದೆ. ಬೇಕಾದ ಸರಕು ಬೇಕಾದ ದಿನಕ್ಕೆ ಬಾಗಿಲಿಗೆ ಬಂದು ನಿಲ್ಲುವಂತೆ ಮಾಡುವುದು ಹಣವೊಂದರಿಂದಲೇ ಆಗುವ ಕೆಲಸವಲ್ಲವೆಂಬುದು ಆ ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಚರಿತ್ರೆಯ ಪುಸ್ತಕಗಳನ್ನು ಓದುವಾಗಲೂ ನನ್ನ ಕಣ್ಣು ಫಿರಂಗಿಯನ್ನು ಬಿಟ್ಟು ಅದನ್ನು ಎಳೆದ ಎತ್ತಿನ ಕಡೆಗೇ ಹೋಗುತ್ತದೆ.

ನಾನಿರುವುದು ಸುಬ್ರಹ್ಮಣ್ಯಪುರದಲ್ಲಿ. ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಗೂ ಕನಕಪುರದ ರಸ್ತೆಗೂ ನಡುವೆ ಇರುವ ಊರು ಇದು. ಈಗ ಇದನ್ನು ಊರೆಂದು ಬೇರೆಯಾಗಿ ಗುರುತಿಸುವುದು ಕಷ್ಟ. ನಗರ ಬೆಳೆದು ಬಂದು ಇದನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡಿದೆ. ಮಗ್ಗುಲಿನ ಕನಕಪುರ ರಸ್ತೆಯ ಮೇಲೆ ಕೋಣನಕುಂಟೆ, ದೊಡ್ಡಕಲ್ಲಸಂದ್ರ, ತಲಘಟ್ಟಪುರಗಳನ್ನು ಮುಟ್ಟಿ ೨೦೨೧ರ ಜನವರಿಯಿಂದ ಮೆಟ್ರೋ ರೈಲು ಓಡುತ್ತಿದೆ. ಆ ರಸ್ತೆ ಹೋಗಿ ಸೇರುವ ಕನಕಪುರಕ್ಕೆ ಹಿಂದೆ ಕಾನಕಾನಹಳ್ಳಿ ಎಂದು ಹೆಸರು. ಇಂದಿನ ಡಾಂಬರು ರಸ್ತೆಯೇ ಅಂದಿನ ದಾರಿ, ಒಂದು ಗೇಣೂ ಆಚೀಚೆಯಾಗಿಲ್ಲ ಎಂದು ನಾನು ಸಾಧಿಸಹೊರಟಿಲ್ಲ. ದಿಕ್ಕು ಮಾತ್ರ ಅದೇ. ಇನ್ನೂರಮೂವತ್ತು ವರ್ಷಗಳ ಹಿಂದೆ, ಎಂಟು ವರ್ಷಗಳ ಅಂತರದಲ್ಲಿ, ಶ್ರೀರಂಗಪಟ್ಟಣವನ್ನು ಹಿಡಿಯಹೊರಟ ಇಂಗ್ಲಿಷರ ದಂಡು ಎರಡು ಸಲ ಕಾನಕಾನಹಳ್ಳಿಯ ದಾರಿಯನ್ನು ಹಿಡಿಯಿತು. ೧೭೯೯ರ ಪಯಣದ ವಿವರಗಳಲ್ಲಿ ನಮ್ಮ ನೆರೆಯ ತಲಘಟ್ಟಪುರದ ಹೆಸರೂ ಬರುತ್ತದೆ. ಆ ಎರಡು ಪಯಣಗಳಲ್ಲಿ ನಾನು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಮೊದಲನೆಯದನ್ನು. ಅದು ಸೋತು ಹಿಂದಿರುಗಿದ ಪಯಣ. ಅದರ ಸೋಲಿಗೂ ಮರುವರ್ಷದ ಗೆಲುವಿಗೂ ನಡುವೆ ಆದ ಬದಲಾವಣೆ ಬಹುಮಟ್ಟಿಗೆ ಖರೀದಿ ಇಲಾಖೆಯ ಬದಲಾವಣೆ ಎಂಬುದು ನನ್ನ ಅಭಿಪ್ರಾಯ.

೧೭೯೧ರ ಮಾರ್ಚಿ ೫ರಂದು ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಮುಂದೆ ಬಂದು ನಿಂತ. ೭ರಂದು ಪೇಟೆ ಅವನ ವಶವಾಯಿತು, ೨೧ರ ರಾತ್ರಿ ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹದೂರ್ ಖಾನ್ ಹೋರಾಡುತ್ತ ಪ್ರಾಣ ಬಿಟ್ಟ. ಇಷ್ಟು ಎಲ್ಲರಿಗೂ ತಿಳಿದ ಕಥೆ. ಪೇಟೆ ಬಿದ್ದ ದಿನ ಸಿಪಾಯಿಗಳು ಅದನ್ನು ಸೂರೆ ಮಾಡಿದರೆಂಬುದನ್ನು ಮಾತ್ರ ಪುಸ್ತಕಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ದಿನಸಿ ಕೊಳ್ಳುವವನ ದೃಷ್ಟಿಯಿಂದ ಆ ಒಂದು ವಾಕ್ಯ ಮುಖ್ಯವಾದದ್ದು. ಬೆಂಗಳೂರಿನ ಪೇಟೆ ಎಂದರೆ ಸೀಮೆಯ ದೊಡ್ಡ ಸಂತೆ. ತರಗುಪೇಟೆ, ಅಕ್ಕಿಪೇಟೆ ಎಂಬ ಹೆಸರುಗಳೇ ಅಲ್ಲಿನ ವ್ಯಾಪಾರವನ್ನು ಹೇಳುತ್ತವೆ. ಸುಲಿದವನಿಗೆ ಅಂಗಡಿಯಲ್ಲಿದ್ದ ಸರಕು ಒಂದು ಸಲ ಸಿಕ್ಕುತ್ತದೆ. ಅಂಗಡಿಯವನು ಓಡಿಹೋದ ಮೇಲೆ ಎರಡನೆಯ ಸಲಕ್ಕೆ ಯಾರನ್ನು ಕೇಳುವುದು? ಕೋಟೆಯನ್ನು ಗೆದ್ದವನಿಗೆ ತನ್ನ ಎತ್ತುಗಳಿಗೆ ಹುಲ್ಲು ಸಹ ಸಾಲದೆ ಬಂದಿತು. ನಿಜಾಮನ ಕುದುರೆ ದಂಡನ್ನು ಕೂಡಿಕೊಂಡು ಬರಲು ಅವನು ಉತ್ತರಕ್ಕೆ ಹೋದ. ಅಂಬೂರಿನ ಕಡೆಯಿಂದ ಬಂದ ಸಾಮಗ್ರಿಯನ್ನು ಸೇರಿಸಿಕೊಂಡ. ಬೆಂಗಳೂರಿಗೆ ಹಿಂದಿರುಗಿ ಮೇ ತಿಂಗಳ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟ.

ಆಗಿನ ದಂಡು ಎಂದರೆ ನಡೆದಾಡುವ ಊರು. ಕತ್ತಿ ಬಂದೂಕು ಹಿಡಿದವರಿಗಿಂತ ಅವರ ಹಿಂದೆ ಬರುವ ಪರಿವಾರವೇ ಹಲವು ಪಟ್ಟು. ಹುಲ್ಲು ಕೊಯ್ಯುವವರು, ಡೇರೆ ಹೊರುವವರು, ಅಗಸರು, ಅಡಿಗೆಯವರು, ಹೆಂಡಿರು ಮಕ್ಕಳು, ಅಂಗಡಿಯವರು ಎಲ್ಲರಿಗೂ ದಿನವೂ ಹಿಟ್ಟೋ ಅನ್ನವೋ ಆಗಬೇಕು. ಬರಿಯ ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ತಿನ್ನುವ ಬಾಯಿ ಒಂದು ಲಕ್ಷವೆಂದೂ ತಲೆಗೆ ದಿನಕ್ಕೆ ಒಂದು ಸೇರೆಂದೂ ಇಟ್ಟುಕೊಳ್ಳಿ. ಎತ್ತು ಹೊರುವುದು ೮೦ ಸೇರು ಎಂದಾದರೆ ದಿನಕ್ಕೆ ೧,೨೫೦ ಹೇರು ಬೇಕು. ನಲವತ್ತು ದಿನಗಳ ಮುತ್ತಿಗೆಗೆ ೫೦,೦೦೦ ಹೇರು. ಆ ಎತ್ತುಗಳು ತಾವು ಹೊತ್ತ ಧಾನ್ಯವನ್ನೇ ತಿನ್ನುವಂತಿಲ್ಲ. ದಾರಿಯ ಬದಿಯ ಹುಲ್ಲನ್ನು ಮೇಯಬೇಕು. ಹುಲ್ಲಿಲ್ಲದಿದ್ದರೆ ಎತ್ತು ಬಿದ್ದಿತು, ಎತ್ತು ಬಿದ್ದರೆ ಅಕ್ಕಿ ನಿಂತಿತು, ಅಕ್ಕಿ ನಿಂತರೆ ಫಿರಂಗಿ ಎಷ್ಟಿದ್ದರೂ ಪ್ರಯೋಜನವಿಲ್ಲ.

ಟೀಪೂ ಸುಲ್ತಾನನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿದ್ದಿತು. ಚನ್ನಪಟ್ಟಣದ ಹೆದ್ದಾರಿಯನ್ನು ಅವನು ಬಲಪಡಿಸಿದ್ದುದರಿಂದ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ಸುತ್ತುದಾರಿಯನ್ನು ಹಿಡಿದ. ಟೀಪೂ ಆ ದಾರಿಯಲ್ಲಿ ಯುದ್ಧಕ್ಕೆ ನಿಲ್ಲಲಿಲ್ಲ, ದಾರಿಯನ್ನೇ ಬರಿದುಮಾಡಿದ. ಹಳ್ಳಿಗಳು ಖಾಲಿಯಾದುವು, ಮೇವು ಸುಟ್ಟುಹೋಯಿತು. ಹಗೇವುಗಳಲ್ಲಿ ಉಳಿದ ರಾಗಿಯನ್ನು ತೋರಿಸುವುದಕ್ಕೆ ಜನವಿಲ್ಲ. ಶತ್ರುವಿಗೆ ಉಪಯೋಗವಾಗಬಾರದೆಂದು ಕಾನಕಾನಹಳ್ಳಿಯನ್ನು ಅವನು ಎರಡು ಸಲ ಸುಡಿಸಿದನೆಂದು ಮೈಸೂರು ಗೆಜೆಟಿಯರಿನಲ್ಲಿ ಬರೆದಿದೆ. ಇತ್ತ ಮಳೆಯೂ ಹಿಡಿಯಿತು. ಎತ್ತುಗಳಿಗೆ ಜಾಡ್ಯ ತಗಲಿ ಸಾವಿರಗಟ್ಟಲೆ ಸತ್ತುವು. ಫಿರಂಗಿಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಮೇ ೧೩ರಂದು ದಂಡು ಅರಕೆರೆಯನ್ನು ಸೇರಿತು. ೧೫ರಂದು ನಡೆದ ಯುದ್ಧದಲ್ಲಿ ಇಂಗ್ಲಿಷರಿಗೇ ಜಯ. ಆದರೆ ಗೆದ್ದ ಸೇನೆಗೆ ಊಟವಿರಲಿಲ್ಲ. ಶ್ರೀರಂಗಪಟ್ಟಣದ ಗೋಪುರಗಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಕನ್ನಂಬಾಡಿಯ ಬಳಿ, ಮೇ ೨೨ರಂದು ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿಹಾಕಿಸಿದ. ಪಿರಿಯಾಪಟ್ಟಣದವರೆಗೆ ಬಂದಿದ್ದ ಮುಂಬಯಿಯ ಸೇನೆಗೆ ಹಿಂದಿರುಗಲು ಹೇಳಿಕಳುಹಿಸಿದ. ನಾಲ್ಕು ದಿನಗಳ ಮೇಲೆ ತಾನೂ ಬೆಂಗಳೂರಿನ ಕಡೆಗೆ ಮುಖ ಮಾಡಿದ.

ಹಿಂದಿರುಗುವ ದಾರಿಯಲ್ಲಿ ಮೇಲುಕೋಟೆಯ ಸಮೀಪದಲ್ಲಿ ಒಂದು ವಿಚಿತ್ರ ನಡೆಯಿತು. ದೂರದಲ್ಲಿ ಕುದುರೆ ದಂಡು ಕಾಣಿಸಿತು. ಟೀಪೂವಿನ ಸವಾರರೆಂದು ಇಂಗ್ಲಿಷರು ಕಾಳಗಕ್ಕೆ ಸಿದ್ಧರಾದರು. ಬಂದವರು ಅವರ ಮಿತ್ರರಾದ ಮರಾಠರು! ಹರಿಪಂತ ಫಡಕೆ ಮತ್ತು ಪರಶುರಾಮ ಭಾವೂ ಇಬ್ಬರ ಸೇನೆಗಳೂ ಬರುತ್ತಿದ್ದುವು. ತಾವು ಬರುವ ಸುದ್ದಿಯನ್ನು ಅವರು ಕಳುಹಿಸಿದ್ದರಾದರೂ ಟೀಪೂವಿನ ಸವಾರರು ಒಂದು ಓಲೆಯೂ ಮುಟ್ಟದಂತೆ ನಡುದಾರಿಯಲ್ಲೇ ತಡೆದಿದ್ದರು. ನಾಲ್ಕು ದಿನ ಮೊದಲು ತಿಳಿದಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗಿರಲಿಲ್ಲ. ಸರಕು ದಾರಿಯಲ್ಲಿರುವುದು ಬೇರೆ, ದಾರಿಯಲ್ಲಿದೆಯೆಂದು ಕೊಳ್ಳುವವನಿಗೆ ತಿಳಿದಿರುವುದು ಬೇರೆ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಇದ್ದೂ ಇಲ್ಲದಂತೆ.

ಮರಾಠರ ಪಾಳೆಯದೊಳಗೆ ಹೋದ ಇಂಗ್ಲಿಷರು ಬೆರಗಾದರು. ಮುಂದೆ ಮೈಸೂರಿನ ರೆಸಿಡೆಂಟನಾಗಿ ಈ ಸೀಮೆಯ ಚರಿತ್ರೆಯನ್ನು ಬರೆದ ವಿಲ್ಕ್ಸ್ ಆ ಬಜಾರನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಧಾನ್ಯವಷ್ಟೇ ಅಲ್ಲ, ಕಾಶ್ಮೀರದ ಶಾಲಿನಿಂದ ಇಂಗ್ಲೆಂಡಿನ ಚಾಕುವಿನವರೆಗೆ, ವಜ್ರದಿಂದ ಹಳೆಯ ಬಟ್ಟೆಯವರೆಗೆ ಅಲ್ಲಿ ಎಲ್ಲವೂ ಮಾರಾಟಕ್ಕಿದ್ದುವು. ಸುಲಿಗೆಯ ಮಾಲೂ ಅದರಲ್ಲಿ ಧಾರಾಳವಾಗಿ ಸೇರಿತ್ತು. ಬೆಲೆ ಮಾತ್ರ ವಿಪರೀತ. ಹಸಿದು ಬಂದವನ ಮುಂದೆ ಚೌಕಾಸಿಗೆ ಯಾರು ನಿಲ್ಲುತ್ತಾರೆ? ಮರಾಠ ಸರದಾರರು ಇದರ ಮೇಲೆ ದೊಡ್ಡ ಮೊತ್ತದ ಸಾಲವನ್ನೂ ಕೇಳಿದರು. ಕಾರ್ನ್‌ವಾಲಿಸ್ ಚೀನಾ ದೇಶದ ವ್ಯಾಪಾರಕ್ಕೆಂದು ಹಡಗುಗಳಲ್ಲಿ ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ಇಳಿಸಿಕೊಂಡು ಅದನ್ನು ಪೂರೈಸಿದ. ಬೇಕಾದ ಹೊತ್ತಿಗೆ ಸರಕನ್ನು ಒದಗಿಸಿಕೊಳ್ಳದವನು ಕೊನೆಗೆ ತೆರುವ ಬೆಲೆಯಲ್ಲಿ ಇಂಥವೆಲ್ಲ ಸೇರುತ್ತವೆ.

ಒಂದೇ ಸೀಮೆ, ಒಂದೇ ಮಳೆಗಾಲ. ಇಂಗ್ಲಿಷರ ಎತ್ತುಗಳು ಸತ್ತಲ್ಲಿ ಮರಾಠರ ಪಾಳೆಯದಲ್ಲಿ ಧಾನ್ಯ ಹೇಗಿತ್ತು? ಅವರ ಸೇನೆಯ ಬೆನ್ನ ಹಿಂದೆ ಬಂಜಾರರಿದ್ದರು ಎಂಬುದು ಉತ್ತರದ ಮುಖ್ಯಭಾಗ. ನಮ್ಮ ಕಡೆ ಇವರನ್ನು ಲಂಬಾಣಿಗಳೆನ್ನುತ್ತೇವೆ. ಲವಣ, ಎಂದರೆ ಉಪ್ಪು, ಎಂಬ ಮಾತಿನಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ಇಂಗ್ಲಿಷರ ಕಾಗದಪತ್ರಗಳಲ್ಲಿ ಇವರು ‘ಬ್ರಿಂಜಾರಿ’ಗಳು. ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಕೊರತೆಯಿದ್ದ ಕಡೆಗೆ ಸಾಗಿಸುವುದು ಇವರ ಕಸಬು. ಗಂಡಸರು, ಹೆಂಗಸರು, ಮಕ್ಕಳು, ನಾಯಿಗಳು, ಸಾವಿರಾರು ಎತ್ತುಗಳು ಒಟ್ಟಾಗಿ ಹೊರಡುವ ಗುಂಪಿಗೆ ತಾಂಡಾ ಎಂದು ಹೆಸರು, ಅದರ ಯಜಮಾನನಿಗೆ ನಾಯಕನೆಂದು ಹೆಸರು. ೧೬೩೨ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಹಿಂದೂಸ್ಥಾನದಲ್ಲಿ ೧೪,೦೦೦ ಎತ್ತುಗಳ ಒಂದು ತಾಂಡಾವನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಬಂದ ಫ್ರಾನ್ಸಿನ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಹೇಳುತ್ತಾನೆ. ದಾರಿ ಮೇಯುತ್ತ ಹೋಗುವ ಎತ್ತು ದಿನಕ್ಕೆ ಎರಡು ಮೂರು ಹರದಾರಿಗಿಂತ ಹೆಚ್ಚು ನಡೆಯುವುದಿಲ್ಲ. ಆದರೆ ಅದಕ್ಕೆ ರಸ್ತೆ ಬೇಡ, ಸೇತುವೆ ಬೇಡ, ಮೇವಿನ ಖರ್ಚು ಇಲ್ಲ. ಆದ್ದರಿಂದಲೇ ಅಷ್ಟು ಅಗ್ಗದ ಸಾಗಣೆ ಆಗ ಬೇರೊಂದಿರಲಿಲ್ಲ.

ಷಾಜಹಾನನ ಮಂತ್ರಿ ಆಸಫ್ ಖಾನನು ದಕ್ಷಿಣಕ್ಕೆ ದಂಡೆತ್ತಿ ಬಂದಾಗ ಭಂಗಿ, ಝಂಗಿ ಎಂಬ ಇಬ್ಬರು ನಾಯಕರು ೧,೮೦,೦೦೦ ಎತ್ತುಗಳೊಡನೆ ಅವನಿಗೆ ಧಾನ್ಯ ಒದಗಿಸಿದರೆಂದು ಬಂಜಾರರಲ್ಲಿ ಐತಿಹ್ಯವಿದೆ. ನೀರು ಸಿಕ್ಕದಿದ್ದರೆ ಜನರ ಮಡಕೆಯ ನೀರನ್ನೂ ಮೇವು ಸಿಕ್ಕದಿದ್ದರೆ ಮನೆಯ ಮೇಲಿನ ಹುಲ್ಲನ್ನೂ ತೆಗೆದುಕೊಳ್ಳಬಹುದೆಂದು ಅವರಿಗೆ ಶಾಸನ ಬರೆದುಕೊಟ್ಟನಂತೆ. ಎತ್ತಿನ ಲೆಕ್ಕವನ್ನು ನಾವು ಒಪ್ಪಬಹುದು, ಬಿಡಬಹುದು. ದೊಡ್ಡ ಸೇನೆಯ ಒಡೆಯನೂ ಧಾನ್ಯದವನೊಡನೆ ಕರಾರು ಮಾಡಿಕೊಂಡು, ಅವನ ಕಷ್ಟವನ್ನು ಮೊದಲೇ ಎಣಿಸಿ, ರಿಯಾಯಿತಿ ಕೊಡಬೇಕಾಯಿತೆಂಬ ನೆನಪು ಐತಿಹ್ಯದೊಳಗೆ ಉಳಿದಿದೆ. ಈ ರಿಯಾಯಿತಿಯ ಬೆಲೆಯನ್ನು ತೆತ್ತವನು ಮನೆಯ ಹುಲ್ಲನ್ನು ಕಳೆದುಕೊಂಡ ರೈತ ಎಂಬುದನ್ನೂ ಮರೆಯುವಂತಿಲ್ಲ.

ಬಂಜಾರರು ಯಾರ ಪ್ರಜೆಗಳೂ ಅಲ್ಲದವರಂತೆ ಎಲ್ಲ ರಾಜ್ಯಗಳ ಮೇಲೂ ಹಾದುಹೋಗುತ್ತಿದ್ದರು. ಯುದ್ಧಕಾಲದಲ್ಲಿಯೂ ಎರಡು ಪಕ್ಷದವರಿಗೂ ಮಾರುತ್ತಿದ್ದರು. ಇದು ದ್ರೋಹವಲ್ಲ, ಅವರ ಧರ್ಮವೇ ಅದು. ಇಂಥವನನ್ನು ಬೆದರಿಸಿ ಕರೆತರುವುದು ಅಸಾಧ್ಯ. ಒಂದು ತಾಂಡಾವನ್ನು ಸುಲಿದರೆ ಆ ಸುದ್ದಿ ಮುಂದಿನ ಹತ್ತು ತಾಂಡಾಗಳಿಗೆ ಮುಟ್ಟಿ ಅವು ಬೇರೆ ದಾರಿ ಹಿಡಿಯುತ್ತವೆ. ಅವನು ಬರಬೇಕಾದರೆ ಮೂರು ವಿಷಯಗಳಲ್ಲಿ ಅವನಿಗೆ ನಂಬಿಕೆ ಹುಟ್ಟಬೇಕು: ತಂದದ್ದು ಮಾರಾಟವಾಗುತ್ತದೆ, ಹಣ ಕೈಗೆ ಬರುತ್ತದೆ, ಖಾಲಿ ಎತ್ತುಗಳೊಡನೆ ತಾನು ಸುರಕ್ಷಿತವಾಗಿ ಹಿಂದಿರುಗಬಹುದು.

೧೭೯೧ರ ಜುಲೈ ತಿಂಗಳಲ್ಲಿ ಬೆಂಗಳೂರಿಗೆ ಹಿಂದಿರುಗಿದ ಕಾರ್ನ್‌ವಾಲಿಸ್ ಮುಂದಿನ ಆರು ತಿಂಗಳನ್ನು ಈ ನಂಬಿಕೆಯನ್ನು ಕಟ್ಟುವುದರಲ್ಲಿ ಕಳೆದನೆಂದರೆ ಹೆಚ್ಚು ತಪ್ಪಾಗದು. ಆ ಕೆಲಸದಲ್ಲಿ ಅವನ ಬಲಗೈಯಾದವನು ಕ್ಯಾಪ್ಟನ್ ಅಲೆಗ್ಜಾಂಡರ್ ರೀಡ್. ಇವನು ಮುಂದೆ ಬಾರಾಮಹಲಿನ ಕಲೆಕ್ಟರನಾಗಿ ರೈತವಾರಿ ಕಂದಾಯದ ಪದ್ಧತಿಗೆ ತಳಹದಿ ಹಾಕಿದವನು. ಥಾಮಸ್ ಮನ್ರೋ ಪಳಗಿದ್ದು ಇವನ ಕೈಕೆಳಗೆ. ದೇಶಭಾಷೆಗಳನ್ನು ಬಲ್ಲ ಈತ ಬಂಜಾರ ನಾಯಕರನ್ನು ಹುಡುಕಿ ಕರೆಸಿ, ಮಾತನಾಡಿ, ಅವರನ್ನು ಕಂಪೆನಿಯ ಪಾಳೆಯದ ಕಡೆಗೆ ಒಲಿಸಿಕೊಂಡ. ಬಾಡಿಗೆಯ ಎತ್ತುಗಳಿಂದ ಆಗದಿದ್ದುದು ವ್ಯಾಪಾರಿಯ ಎತ್ತುಗಳಿಂದ ಆಯಿತು. ಇದರ ಒಳಗುಟ್ಟು ಸರಳ. ಬಾಡಿಗೆಯ ಎತ್ತು ಸತ್ತರೆ ಅದನ್ನು ಹೊಡೆಯುವ ಆಳಿಗೆ ನಷ್ಟವಿಲ್ಲ. ಬಂಜಾರನಿಗೆ ಎತ್ತೇ ಬಂಡವಾಳ, ಎತ್ತೇ ಮನೆ. ಎಲ್ಲಿ ಹುಲ್ಲಿದೆ, ಎಲ್ಲಿ ನೀರಿದೆ, ಯಾವ ಹಳ್ಳಿಯಲ್ಲಿ ರಾಗಿ ಉಳಿದಿದೆ ಎಂಬುದು ಅವನಿಗೆ ತಲೆಮಾರುಗಳಿಂದ ಗೊತ್ತು.

ದಾರಿಯ ಭದ್ರತೆಗೂ ಏರ್ಪಾಡಾಯಿತು. ಅಕ್ಟೋಬರ್ ೧೯ರಂದು ನಂದಿದುರ್ಗ, ಡಿಸೆಂಬರ್ ೨೧ರಂದು ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ ಇಂಗ್ಲಿಷರ ವಶವಾದುವು. ಸಾವನದುರ್ಗದಂಥ ಬಂಡೆಯನ್ನು ಹತ್ತಿ ಹಿಡಿದರೆಂಬ ಸಾಹಸವನ್ನು ಚರಿತ್ರೆಗಳು ಕೊಂಡಾಡುತ್ತವೆ. ಅದನ್ನು ಹಿಡಿದದ್ದು ಏತಕ್ಕೆ? ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೇರಿನ ಸಾಲುಗಳ ಮೇಲೆ ಆ ದುರ್ಗಗಳಿಂದ ಇಳಿದು ಬೀಳುವವರು ಇರಬಾರದೆಂದು. ಧಾನ್ಯ ತರುವವನು ಹೆದರದೆ ಬರಲಿ ಎಂದು ಕೊಳ್ಳುವವನು ಮಾಡಿದ ಖರ್ಚು ಅದು.

೧೭೯೨ರ ಫೆಬ್ರವರಿ ೫ರಂದು ಅದೇ ಕಾರ್ನ್‌ವಾಲಿಸ್, ಅದೇ ಶ್ರೀರಂಗಪಟ್ಟಣದ ಮುಂದೆ ಬಂದು ಬಿಡಾರ ಹೂಡಿದ. ಈ ಸಲ ಅವನ ಹಿಂದೆ ಬಂಜಾರರ ಹತ್ತಾರು ಸಾವಿರ ಎತ್ತುಗಳಿದ್ದುವು. ಮರುರಾತ್ರಿಯೇ ಟೀಪೂವಿನ ಹೊರಪಾಳೆಯದ ಮೇಲೆ ಬಿದ್ದ. ಆ ತಿಂಗಳು ಮುಗಿಯುವುದರೊಳಗೆ ಟೀಪೂ ಸಂಧಿಗೆ ಒಪ್ಪಿದ. ಮಾರ್ಚಿ ೧೮ರ ಒಪ್ಪಂದದಂತೆ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಗೆಲುವಿಗೆ ಮಿತ್ರರ ಕೂಟ, ಮದರಾಸು ಬಂಗಾಳಗಳ ಹಣ, ಮಳೆಯಿಲ್ಲದ ಕಾಲ ಎಂಬ ಬೇರೆ ಕಾರಣಗಳೂ ಇದ್ದುವು. ಅವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಂದಿನ ಮೇ ತಿಂಗಳಲ್ಲಿ ಧೈರ್ಯಕ್ಕಾಗಲಿ ಮದ್ದುಗುಂಡಿಗಾಗಲಿ ಕೊರತೆಯಿರಲಿಲ್ಲ, ಅರಕೆರೆಯ ಯುದ್ಧದಲ್ಲಿ ಜಯವೂ ದೊರಕಿತ್ತು. ಕೊರತೆಯಾದುದು ಎತ್ತು ಮತ್ತು ಅಕ್ಕಿ ಎಂಬುದನ್ನು ನೆನೆದರೆ ಈ ಒಂದು ಕಾರಣದ ತೂಕ ತಿಳಿಯುತ್ತದೆ.

ಇಲ್ಲಿ ಕಲಿತ ಪಾಠವನ್ನು ಇನ್ನೂ ಚೆನ್ನಾಗಿ ಒರೆಹಚ್ಚಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕನಾಗಿ ನೆಪೋಲಿಯನ್ನನನ್ನು ಸೋಲಿಸಿದವನು. ೧೭೯೯ರ ಮುತ್ತಿಗೆಯ ನಡುವೆ ಅಕ್ಕಿಯ ದಾಸ್ತಾನು ಎಣಿಸಿದ್ದಕ್ಕಿಂತ ಬಹಳ ಕಡಮೆಯೆಂದು ತಿಳಿದು ಜನರಲ್ ಹ್ಯಾರಿಸ್ ಗಾಬರಿಗೊಂಡುದನ್ನು ಅವನು ಕಣ್ಣಾರೆ ಕಂಡಿದ್ದ. ಟೀಪೂವಿನ ಪತನದ ಮೇಲೆ ಮೈಸೂರಿನಲ್ಲೇ ಸೇನಾಧಿಪತಿಯಾಗಿ ನಿಂತಾಗ ಅವನು ಬರೆದ ಕಾಗದಗಳಲ್ಲಿ ಯುದ್ಧತಂತ್ರಕ್ಕಿಂತ ಅಕ್ಕಿ, ಎತ್ತು, ಕುರಿ, ಸಾರಾಯಿಗಳ ಮಾತೇ ಹೆಚ್ಚೆಂದು ತೋರುತ್ತದೆ. ಬಂಜಾರರು ತಮ್ಮ ಹಣದಿಂದಲೋ ಕಂಪೆನಿ ಕೊಟ್ಟ ಮುಂಗಡದಿಂದಲೋ ಧಾನ್ಯ ಕೊಳ್ಳುತ್ತಾರೆ, ಶಾಂತಿಕಾಲದಲ್ಲಿ ಮಾರುವಂತೆಯೇ ದಂಡಿನ ಬಜಾರಿನಲ್ಲಿ ಅಂದಂದಿನ ದರಕ್ಕೆ ತಮ್ಮ ಹೊಣೆಯಲ್ಲೇ ಮಾರಿಕೊಳ್ಳುತ್ತಾರೆ ಎಂದು ಅವನು ವಿವರಿಸಿದ್ದಾನೆ. ಅಂದಂದಿನ ದರಕ್ಕೆ ಎಂಬುದನ್ನು ಗಮನಿಸಬೇಕು. ಬಂದೂಕು ತನ್ನ ಕೈಯಲ್ಲಿದ್ದರೂ ದರವನ್ನು ತಾನೇ ಕಟ್ಟಿ ತುಳಿಯುವ ಆಸೆಯನ್ನು ಅವನು ಅದುಮಿಟ್ಟುಕೊಂಡ. ಫಿರಂಗಿಗಳನ್ನು ಎಳೆಯುವ ಎತ್ತುಗಳ ವಿಷಯದಲ್ಲಿ ಅವನದು ಬೇರೆ ನೀತಿ. ಅವು ಬಾಡಿಗೆಯವಾಗಕೂಡದು, ಸರ್ಕಾರದ ಸ್ವಂತ ಎತ್ತುಗಳಾಗಿ ವರ್ಷಪೂರ್ತಿ ಸಾಕಿದವಾಗಿರಬೇಕು ಎಂದು ವಾದಿಸಿದ. ಯಾವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗಿನವನಿಂದ ಕೊಳ್ಳಬೇಕು ಎಂಬುದು ಇಂದಿಗೂ ಪ್ರತಿ ಕಾರ್ಖಾನೆಯ ಆಡಳಿತ ಮಂಡಲಿಯ ಮುಂದೆ ಬರುವ ಪ್ರಶ್ನೆಯೇ.

ಸ್ವಂತ ಎತ್ತಿನ ಮಹತ್ವವನ್ನು ಅವನಿಗೆ ಕಲಿಸಿಕೊಟ್ಟದ್ದು ಮೈಸೂರೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಆರಂಭವಾದ ರಾಸುಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದ. ಟೀಪೂ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಅದಕ್ಕೆಂದು ನಾಡಿನ ತುಂಬ ಕಾವಲುಗಳು ಮೀಸಲಾಗಿದ್ದುವು. ಚಿದಂಬರದ ಸಹಾಯಕ್ಕೆ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ದಂಡು ನಡೆಸಿದುದು ಈ ಎತ್ತುಗಳ ಬಲದಿಂದ ಎಂದು ಹೇಳುತ್ತಾರೆ. ೧೮೬೦ರಲ್ಲಿ ಮದರಾಸಿನ ಗವರ್ನರನಾಗಿದ್ದ ಟ್ರೆವೆಲ್ಯನ್ ಖರ್ಚು ಉಳಿಸುವುದಕ್ಕೆಂದು ಈ ಮಂದೆಯನ್ನೆಲ್ಲ ಮಾರಿಸಿಬಿಟ್ಟ. ಬೇಕಾದಾಗ ಪೇಟೆಯಲ್ಲಿ ಕೊಂಡರಾಯಿತು ಎಂಬುದು ಆಗಿನ ಲೆಕ್ಕ. ಪೇಟೆಯಲ್ಲಿ ಅಂಥ ಎತ್ತು ಸಿಕ್ಕಲಿಲ್ಲ. ಆರೇ ವರ್ಷಗಳಲ್ಲಿ, ೧೮೬೬ರಲ್ಲಿ, ಚದರಿಹೋದ ತಳಿಯನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು.

ಧಾನ್ಯದ ಕಡೆಗೆ ನಿಂತ ಇನ್ನೊಬ್ಬರನ್ನು ಹೆಸರಿಸದಿದ್ದರೆ ಅನ್ಯಾಯ. ಅವರು ಪೂರ್ಣಯ್ಯನವರು. ಟೀಪೂವಿನ ಕಾಲದಲ್ಲಿ ಬೊಕ್ಕಸವನ್ನು ನೋಡಿಕೊಂಡ ಅವರೇ ೧೭೯೯ರಿಂದ ೧೮೧೧ರವರೆಗೆ ದಿವಾನರಾಗಿದ್ದರು. ೧೮೦೩ರ ಮರಾಠ ಯುದ್ಧಕ್ಕೆ ವೆಲ್ಲೆಸ್ಲಿ ಹೊರಟಾಗ ಮೈಸೂರಿನಿಂದ ಎತ್ತು, ಕುರಿ, ಧಾನ್ಯಗಳು ತಡೆಯಿಲ್ಲದೆ ಹೋದುದು ಅವರ ದಕ್ಷತೆಯಿಂದ. ದೇಶ ಬಿಟ್ಟು ಹೋಗುವಾಗ ವೆಲ್ಲೆಸ್ಲಿ ತನ್ನ ಚಿತ್ರಪಟವೊಂದನ್ನು ಪೂರ್ಣಯ್ಯನವರಿಗೆ ಕೊಟ್ಟುಹೋದ.

ದಿವಾನರಿಗೆ ಚಿತ್ರಪಟ ಸಿಕ್ಕಿತು. ತಾಂಡಾದ ನಾಯಕರಿಗೆ ಸಿಕ್ಕಿದ್ದೇನು?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಯುದ್ಧಗಳು ಮುಗಿದುವು. ರಸ್ತೆಗಳಾದುವು, ರಸ್ತೆಯ ಮೇಲೆ ಗಾಡಿಗಳು ಬಂದುವು. ೧೮೬೪ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ರೈಲು ಬಂದಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಕಾಡುಗಳಿಗೆ ಕಾಯಿದೆಯ ಬೇಲಿ ಬಿದ್ದು ಮೇಯುವ ಜಾಗ ಕಿರಿದಾಯಿತು. ಹೇರೆತ್ತಿನ ಕಸಬು ಒಂದೆರಡು ತಲೆಮಾರುಗಳಲ್ಲಿ ಕುಸಿಯಿತು. ಕಸಬು ಹೋದದ್ದು ಕಾಲಧರ್ಮ ಎಂದು ಸುಮ್ಮನಿರಬಹುದಿತ್ತು. ಆದರೆ ೧೮೭೧ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಎಂಬುದು ಹುಟ್ಟಿತು. ಒಂದು ಊರಿನಲ್ಲಿ ನೆಲೆ ನಿಲ್ಲದೆ ಅಲೆಯುವ ಎಷ್ಟೋ ಜನಾಂಗಗಳನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡುವ ಈ ಕಾನೂನಿನ ಬಲೆಗೆ ದೇಶದ ಬೇರೆ ಬೇರೆ ಭಾಗಗಳಲ್ಲಿ ಬಂಜಾರರ ಕೆಲವು ಗುಂಪುಗಳೂ ಬಿದ್ದುವು. ಯಾರ ಅಲೆದಾಟದಿಂದ ಒಂದು ಸಾಮ್ರಾಜ್ಯದ ಸೇನೆಗಳು ಹೊಟ್ಟೆ ತುಂಬಿಸಿಕೊಂಡುವೊ ಅವರ ಅಲೆದಾಟವೇ ಅಪರಾಧವಾಯಿತು. ಹೆಸರು ನೋಂದಾಯಿಸಬೇಕು, ಪೊಲೀಸರ ಮುಂದೆ ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಸೀಮೆ ದಾಟಬಾರದು. ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರಲ್ಲಿ, ಈ ಕಾನೂನು ರದ್ದಾಯಿತು. ಅದರ ಕಳಂಕ ಮಾತ್ರ ಕಾನೂನಿನಷ್ಟು ಸುಲಭವಾಗಿ ರದ್ದಾಗಲಿಲ್ಲ.

ಅವರನ್ನು ಕಳೆದುಕೊಂಡ ನಾಡಿಗೂ ನಷ್ಟವಾಗದೆ ಹೋಗಲಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. ಆಗ ಬೆಂಗಳೂರಿಗೆ ರೈಲಿನ ಮೇಲೆ ದಿನವೂ ನೂರಾರು ಟನ್ನು ಧಾನ್ಯ ಬಂದು ಬೀಳುತ್ತಿದ್ದಿತು. ಅದನ್ನು ಒಳನಾಡಿನ ಹಳ್ಳಿಗಳಿಗೆ ಮುಟ್ಟಿಸುವುದು ಮಾತ್ರ ಕಷ್ಟವಾಯಿತು. ರೈಲು ಬೆಂಗಳೂರಿನಲ್ಲಿ ನಿಂತಿತು, ಮುಂದಕ್ಕೆ ಸಾಗಿಸುವ ಗಾಡಿಯ ಎತ್ತುಗಳು ಮೇವಿಲ್ಲದೆ ಸತ್ತುವು. ಬಂಜಾರರಿದ್ದಿದ್ದರೆ ಕ್ಷಾಮ ತಪ್ಪುತ್ತಿತ್ತೆಂದು ಹೇಳುವುದು ಅತಿಶಯವಾದೀತು. ಹುಲ್ಲೇ ಇಲ್ಲದ ವರ್ಷ ಹೇರೆತ್ತೂ ಬದುಕುವುದಿಲ್ಲ. ಆದರೆ ಕೊರತೆಯಿದ್ದ ಹಳ್ಳಿಯ ವಾಸನೆ ಹಿಡಿದು ದಾರಿಯಿಲ್ಲದ ಕಡೆಗೂ ಧಾನ್ಯ ಒಯ್ಯಬಲ್ಲ ಜನ ಆ ವೇಳೆಗೆ ಆ ಕಸಬಿನಲ್ಲಿ ಹೆಚ್ಚಾಗಿ ಉಳಿದಿರಲಿಲ್ಲ ಎಂಬುದನ್ನು ಹೇಳಬಹುದು.

ಇದು ಹಳೆಯ ಕಥೆಯೆಂದು ವಾಚಕರು ಪತ್ರಿಕೆಯನ್ನು ಮಡಿಸಬಾರದು. ನಾನು ಕೆಲಸದಲ್ಲಿದ್ದಾಗ ಸಣ್ಣ ವರ್ಕ್‌ಷಾಪಿನ ಯಜಮಾನರೊಬ್ಬರು ನಮ್ಮ ಕಾರ್ಖಾನೆಗೆ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದರು. ಏಳೆಂಟು ಜನ ಕೆಲಸಗಾರರು, ಎರಡು ಲೇತುಗಳು, ಅಷ್ಟೇ ಅವರ ಆಸ್ತಿ. ದರ ಇಳಿಸುವ ಮಾತು ಬಂದಾಗ ಒಂದು ದಿನ ಅವರು, “ಸ್ವಾಮಿ, ದರ ನಾಲ್ಕು ಕಾಸು ಕಡಮೆಯಾದರೆ ಹೇಗೋ ಸುಧಾರಿಸಿಕೊಳ್ಳುತ್ತೇನೆ. ಹಣ ಯಾವ ದಿನ ಕೊಡುತ್ತೀರಿ ಹೇಳಿ, ಆ ದಿನ ತಪ್ಪದೆ ಕೊಡಿ. ಶನಿವಾರ ಹುಡುಗರ ಮುಂದೆ ನಾನು ನಿಲ್ಲಬೇಕಲ್ಲ” ಎಂದರು. ಬಂಜಾರ ನಾಯಕನೂ ಕ್ಯಾಪ್ಟನ್ ರೀಡನ ಮುಂದೆ ಕುಳಿತು ಇದೇ ಅರ್ಥದ ಮಾತನ್ನು ತನ್ನ ಭಾಷೆಯಲ್ಲಿ ಆಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಸಣ್ಣ ಕೈಗಾರಿಕೆಗಳಿಗೆ ೪೫ ದಿನಗಳೊಳಗೆ ಹಣ ಸಲ್ಲಬೇಕೆಂದು ೨೦೦೬ರಲ್ಲಿ ನಮ್ಮ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಮಾತಿನಂತೆ ನಡೆಯುವವರೇ ಎಲ್ಲೆಡೆ ಇದ್ದಿದ್ದರೆ ಆ ಕಾನೂನು ಬೇಕಾಗುತ್ತಿರಲಿಲ್ಲ.

ಸರಕು ಬೇಕಾದ ದಿನ ಒದಗಿಸುವವನನ್ನು ಆದರಿಸುವುದು ದೊಡ್ಡ ಗುಣವೇನೂ ಅಲ್ಲ, ಹಸಿವೆ ಅದನ್ನು ಕಲಿಸುತ್ತದೆ. ಕಾರ್ನ್‌ವಾಲಿಸನಿಗೂ ಕಲಿಸಿತು. ಅವನ ಅಗತ್ಯ ತೀರಿದ ಮೇಲೆ ಅವನ ವಾರಸುದಾರರು ನಡೆದುಕೊಂಡ ರೀತಿಯಲ್ಲಿ ಆ ಆದರದ ಬೆಲೆ ಎಷ್ಟೆಂಬುದು ತಿಳಿಯಿತು. ಮದರಾಸಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆಯೊಂದಿದೆ. ಅದರ ಪೀಠದ ಮೇಲೆ ಟೀಪೂವಿನ ಮಕ್ಕಳನ್ನು ಒಪ್ಪಿಸುವ ದೃಶ್ಯವನ್ನು ಕೆತ್ತಿದ್ದಾರೆ. ಆ ದೃಶ್ಯದಲ್ಲಿ ಹೇರೆತ್ತು ಇಲ್ಲ. ಅದನ್ನು ಹುಡುಕುವವರು ನಮ್ಮ ಹಳ್ಳಿಗಾಡಿಗೆ ಹೋಗಬೇಕು. ಎತ್ತುಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಲಂಬಾಣಿಗಳು ನೆಲೆ ನಿಂತ ಊರಿನ ಹೆಸರಿನ ಕೊನೆಯಲ್ಲಿ, ನಡೆಯುವ ಗುಂಪಿಗೆ ಇದ್ದ ಅದೇ ‘ತಾಂಡಾ’ ಎಂಬ ಮಾತು ಇಂದಿಗೂ ಇದೆ.